ಎರಿ ಹೊಲದ ರೋಟಾವೇಟರಿಗೆ 45 ಎಚ್‌ಪಿ ಸಾಕೇ, 50 ಬೇಕೇ? ಅನುಭವವುಳ್ಳವರು ತಿಳಿಸಿ

ಮುಧೋಳ (ಕೇಳಿದವರು): ಕಬ್ಬಿನ ಕೂಳೆ ಕೀಳಲು, ಮಣ್ಣನ್ನು ಕೊಚ್ಚಿ ಪುಡಿಮಾಡುವ ಆರು ಅಡಿ ರೋಟಾವೇಟರಿಗೆ ಹೊಸ ಟ್ರ್ಯಾಕ್ಟರ್ ಕೊಳ್ಳಬೇಕಾಗಿದೆ. ಈ ಎಚ್‌ಪಿಯನ್ನು (ಅಶ್ವಶಕ್ತಿಯನ್ನು) ಎಲ್ಲಿ, ಹೇಗೆ ಅಳೆಯುತ್ತಾರೆ ಎಂಬುದನ್ನೂ ದಯವಿಟ್ಟು ತಿಳಿಸಬೇಕು.

ಜಮಖಂಡಿ: ನನ್ನದು 50. ಅದು ಎಂಜಿನ್ನಿನಲ್ಲಿ ಅಳೆದ ಲೆಕ್ಕವೆಂದೂ, ಗೇರುಗಳನ್ನು ದಾಟಿ, ರೋಟಾವೇಟರನ್ನು ತಿರುಗಿಸುವ ಹಿಂದಿನ ಪಿಟಿಒ ಶಾಫ್ಟಿಗೆ ತಲುಪುವುದು ಸುಮಾರು 43 ಮಾತ್ರವೆಂದೂ ಮಾರಿದವರು ಬಾಯಿಬಿಡಲಿಲ್ಲ. ಏಳು ಅಡಿ ರೋಟಾವೇಟರ್ ಕಟ್ಟಿ ಕಳುಹಿಸಿದರು. ಕೂಳೆಯ ಗಡ್ಡೆ ಸಿಕ್ಕಾಗಲೆಲ್ಲ ಕಪ್ಪು ಹೊಗೆ ಉಗುಳುತ್ತಾ ಎಂಜಿನ್ ಕುಗ್ಗುತ್ತಿತ್ತು. ಮೊದಲ ಹಂಗಾಮಿನಲ್ಲೇ ಕ್ಲಚ್ ಪ್ಲೇಟು ಸುಟ್ಟು, ಸಾಮಾನಿಗೆ 14,200, ಕೂಲಿಗೆ 3,500, ಎಳೆದೊಯ್ದ ಗಾಡಿಗೆ 1,800 ರೂಪಾಯಿ ಕೈಬಿಟ್ಟಿತು. ವಾರಂಟಿ ಕೇಳಿದರೆ ಚಾಲಕನ ತಪ್ಪೆಂದರು!

ಅಥಣಿ: ಎಚ್‌ಪಿಯ ಹಿಂದೆ ಓಡಿದರೆ ಹಾಗೆಯೇ ಆಗುತ್ತದೆ. ನ್ಯೂಟನ್ ಮೀಟರಿನಲ್ಲಿರುವ ಟಾರ್ಕನ್ನು, ಅಂದರೆ ತಿರುಗಿಸುವ ಬಲವನ್ನು, ಆರ್‌ಪಿಎಂನಿಂದ (ನಿಮಿಷಕ್ಕೆ ಎಷ್ಟು ಸುತ್ತು) ಗುಣಿಸಿ 7,024ರಿಂದ ಭಾಗಿಸಿದರೆ ಎಚ್‌ಪಿ ಸಿಗುತ್ತದೆ. ನನ್ನ 45 ತನ್ನ ಶಕ್ತಿಯನ್ನು 1,800 ಸುತ್ತಿನಲ್ಲೇ ಕೊಡುವುದರಿಂದ ಟಾರ್ಕ್ ಸುಮಾರು 175; ತಮ್ಮ 50 ಎಚ್‌ಪಿ 2,200 ಸುತ್ತಿನದಾದರೆ 160 ದಾಟದು.

ವಿಜಯಪುರ: ಅಥಣಿಯವರದು ಅರ್ಧ ಲೆಕ್ಕ. ಗೇರು ಟಾರ್ಕನ್ನು ಹೆಚ್ಚಿಸಬಲ್ಲದು, ಎಚ್‌ಪಿಯನ್ನು ಯಾವ ಗೇರೂ ಹೆಚ್ಚಿಸದು. ರೋಟಾವೇಟರಿನ ಶಾಫ್ಟು ಎರಡು ಟ್ರ್ಯಾಕ್ಟರುಗಳಲ್ಲೂ 540 ಸುತ್ತಿಗೇ ತಿರುಗುವಾಗ, ಅಲ್ಲಿಗೆ 50ರಿಂದ 43 ಎಚ್‌ಪಿ ತಲುಪಿದರೆ ಟಾರ್ಕ್ 559, 45ರಿಂದ 38 ತಲುಪಿದರೆ 494. ಮಧ್ಯಪ್ರದೇಶದ ಬುದನಿಯಲ್ಲಿರುವ ಕೇಂದ್ರದ ಪರೀಕ್ಷಾ ಸಂಸ್ಥೆಯವರು ಇದೇ ಶಾಫ್ಟಿಗೆ ಡೈನಮೋಮೀಟರ್ ಜೋಡಿಸಿ, ಬ್ರೇಕು ಒತ್ತಿದಂತೆ ಭಾರ ಹೇರುತ್ತಾ ಟಾರ್ಕನ್ನೂ ಸುತ್ತನ್ನೂ ಡೀಸೆಲ್ ಖರ್ಚನ್ನೂ ಅಳೆಯುತ್ತಾರೆ. ನಾನು ಆ ವರದಿ ಓದಿಯೇ ಕೊಂಡೆ. ಷೋರೂಮಿನ ಚಹಾ ಕುಡಿದು ಕೊಳ್ಳಲಿಲ್ಲ.

ಅಥಣಿ: ವರದಿ ಓದಿದವರು ಅದರಲ್ಲಿನ ಬ್ಯಾಕಪ್ ಟಾರ್ಕಿನ ಸಾಲನ್ನು ಏಕೆ ಬಿಟ್ಟಿರಿ? ಭಾರ ಬಿದ್ದು ಸುತ್ತು ಇಳಿದಾಗ ಟಾರ್ಕ್ ಏರುವ ಎಂಜಿನ್ನೇ ಎರಿ ಹೊಲದಲ್ಲಿ ನಿಲ್ಲುತ್ತದೆ. ತಮ್ಮ ಪುಸ್ತಕಜ್ಞಾನ ಕೂಳೆಗೆ ತಿಳಿಯದು.

ಜಮಖಂಡಿ: ಇಬ್ಬರೂ ಲೆಕ್ಕ ಹೇಳುತ್ತೀರಿ, ನನ್ನ 19,500 ರೂಪಾಯಿ ಯಾರು ಕೊಡುತ್ತಾರೆ?

ಗೋಕಾಕ: ಬೋರ್‌ವೆಲ್ ಮೋಟಾರಿನ ಎಚ್‌ಪಿ 746 ವ್ಯಾಟ್, ಟ್ರ್ಯಾಕ್ಟರಿನ ಮೆಟ್ರಿಕ್ ಎಚ್‌ಪಿ 735.5. ಟ್ರ್ಯಾಕ್ಟರಿನವರು ಹೀಗೇ ನಮ್ಮನ್ನು ಮೋಸಗೊಳಿಸುತ್ತಾರೆ.

ವಿಜಯಪುರ: ಗೋಕಾಕದ ಯಜಮಾನರೇ, ಆ ವ್ಯತ್ಯಾಸ 50ಕ್ಕೆ ಮುಕ್ಕಾಲು ಎಚ್‌ಪಿಯೂ ಆಗದು. ಫಿಲ್ಟರಿಗೆ ಧೂಳು ತುಂಬಿದರೆ ಅದಕ್ಕಿಂತ ಹೆಚ್ಚು ಹೋಗುತ್ತದೆ.