ತಾಂದಾ ಅಂದ್ರೆ ನಮ್ಮ ಚೀಟಿಯೇನಾ? ಅಮೆರಿಕದ ಲ್ಯಾಟಿನೋ ಸಣ್ಣ ವ್ಯಾಪಾರಿಗಳ ಬಂಡವಾಳದ ಲೆಕ್ಕ

ಹಾಸನದ_ಕೇಳುಗ ಕೇಳಿದ್ದು:

ಕ್ಯಾಲಿಫೋರ್ನಿಯಾದ ಲ್ಯಾಟಿನೋ (ಲ್ಯಾಟಿನ್ ಅಮೆರಿಕ ಮೂಲದ) ಕುಟುಂಬಗಳು, ಅಂದರೆ ಮೆಕ್ಸಿಕನ್, ಸಾಲ್ವಡೋರನ್ ಇಂಥವರು, ತಮಾಲೆ (ಜೋಳದ ಹಿಟ್ಟಿನ ತಿಂಡಿ) ಗಾಡಿ, ಸಲೂನು, ತೋಟ ನೋಡಿಕೊಳ್ಳುವ ಗುತ್ತಿಗೆ ಇಂಥದ್ದನ್ನೆಲ್ಲ ಶುರು ಮಾಡುವಾಗ ಬ್ಯಾಂಕಿನ ಮೆಟ್ಟಿಲು ಹತ್ತದೆ 'ತಾಂದಾ' ಎಂಬ ಗುಂಪಿನಿಂದ ಹಣ ಎತ್ತುತ್ತಾರಂತೆ. ಓದಿದರೆ ನಮ್ಮ ಬೀದಿಯ ಚೀಟಿ ವ್ಯವಹಾರವೇ ಅನ್ನಿಸುತ್ತೆ. ಆದರೆ ಹರಾಜು ಇಲ್ಲವಂತೆ. ಹಾಗಿದ್ದರೆ ಮೊದಲು ಯಾರಿಗೆ, ಕೊನೆಗೆ ಯಾರಿಗೆ ಅಂತ ನಿರ್ಧಾರ ಆಗೋದು ಹೇಗೆ? ಇದೇ ತಾಂದಾವನ್ನು ಕ್ರೆಡಿಟ್ ಸ್ಕೋರ್ ಆಗಿ ಪರಿವರ್ತಿಸುವ ಸಂಸ್ಥೆಗಳೂ ಇವೆಯಂತೆ, ಅದು ಹೇಗೆ? ವಲಸೆ ಕಾಗದಪತ್ರ ಇಲ್ಲದವರು ತಮ್ಮ ಹೆಸರಲ್ಲಿ ವ್ಯಾಪಾರ ನಡೆಸೋದು ಕಾನೂನಿನಲ್ಲಿ ಹೇಗೆ ಕೂತುಕೊಳ್ಳುತ್ತೆ?

'ಲ್ಯಾಟಿನೋ ಸಮುದಾಯದ ಒಗ್ಗಟ್ಟು' ಅನ್ನೋ ಉತ್ತರ ಎಲ್ಲ ಕಡೆ ಸಿಗುತ್ತೆ. ನನಗೆ ಒಳಗಿನ ಲೆಕ್ಕ ಬೇಕು.

ಜಮಾಖರ್ಚು:

ಲೆಕ್ಕದಿಂದಲೇ ಶುರು ಮಾಡೋಣ. ಹತ್ತು ಜನ, ವಾರಕ್ಕೆ ತಲಾ 100 ಡಾಲರ್, ಹತ್ತು ವಾರ. ಪ್ರತಿ ವಾರ ಒಬ್ಬರ ಕೈಗೆ 1,000. ಎಲ್ಲರೂ ಕಟ್ಟೋದು 1,000, ಎಲ್ಲರೂ ಎತ್ತೋದೂ 1,000. ಬಡ್ಡಿ ಇಲ್ಲ, ಡಿವಿಡೆಂಡ್ ಇಲ್ಲ, ಕಸರು (ಹರಾಜಿನಲ್ಲಿ ಬಿಟ್ಟುಕೊಡುವ ಮೊತ್ತ) ಇಲ್ಲ.

ಹಾಗಂತ ಎಲ್ಲರೂ ಸಮಾನರಲ್ಲ. ಒಂದನೇ ನಂಬರಿನವರು ತಾವು 100 ಹಾಕಿ 1,000 ಎತ್ತಿದಾಗ ಅವರ ಕೈಯಲ್ಲಿ ಬಡ್ಡಿಯಿಲ್ಲದ 900 ಡಾಲರ್ ಸಾಲ ಇರುತ್ತದೆ. ಹತ್ತನೆಯವರು ಒಂಬತ್ತು ವಾರ ಉಳಿದವರಿಗೆ ಸಾಲ ಕೊಟ್ಟು ಕೂತಿರುತ್ತಾರೆ. ನಮ್ಮ ಚೀಟಿಯಲ್ಲಿ ಈ ಕಾಯುವಿಕೆಗೆ ಹರಾಜು ಬೆಲೆ ಕಟ್ಟುತ್ತದೆ: ಅವಸರ ಇದ್ದವನು ಕಸರು ಬಿಟ್ಟು ಎತ್ತುತ್ತಾನೆ, ಅದು ಮಿಕ್ಕವರಿಗೆ ಹಂಚಿಹೋಗುತ್ತದೆ, ನೋಂದಾಯಿತ ಚೀಟಿಯಾದರೆ ನಡೆಸುವವರಿಗೆ ಕಮಿಷನ್ (1982ರ ಕಾಯ್ದೆಯಲ್ಲಿ ಗರಿಷ್ಠ ಶೇ. 5 ಇತ್ತು, 2019ರ ತಿದ್ದುಪಡಿಯಲ್ಲಿ ಶೇ. 7 ಆಯಿತು). ತಾಂದಾದಲ್ಲಿ ಆ ಬೆಲೆ ಹಣದಲ್ಲಿ ಕಾಣೋದಿಲ್ಲ, ಸರದಿಯಲ್ಲಿ ಕಾಣುತ್ತದೆ. ಕೆಲವು ಗುಂಪುಗಳು ಲಾಟರಿ ಎತ್ತಿ ನಂಬರು ಹಂಚುತ್ತವೆ. ಹೆಚ್ಚಿನ ಕಡೆ ನಡೆಸುವಾಕೆಯೇ ಹಂಚುತ್ತಾಳೆ: ಹಳಬರಿಗೆ ಮುಂದಿನ ನಂಬರು, ಹೊಸಬರಿಗೆ ಕೊನೆಯದು. ಹೊಸಬ ಕಟ್ಟೋದು ನಿಲ್ಲಿಸಿದರೂ ಅವನು ಇನ್ನೂ ಎತ್ತಿಲ್ಲ, ಹಾಗಾಗಿ ನಷ್ಟ ಕಡಿಮೆ. ಒಂದೆರಡು ಸುತ್ತು ತಪ್ಪದೆ ಕಟ್ಟಿದರೆ ನಂಬರು ಮುಂದಕ್ಕೆ ಬರುತ್ತದೆ.

'ನಡೆಸುವಾಕೆ' ಅಂದದ್ದು ಬೇಕೆಂದೇ. ಬಹುಪಾಲು ತಾಂದಾಗಳನ್ನು ನಡೆಸುವವರು ಹೆಂಗಸರು. ಆಕೆ ಸಾಮಾನ್ಯವಾಗಿ ಒಂದನೇ ನಂಬರು ಇಟ್ಟುಕೊಳ್ಳುತ್ತಾಳೆ, ಅದೇ ಆಕೆಯ ಕೂಲಿ. ಬದಲಿಗೆ ಯಾರಾದರೂ ತಪ್ಪಿದ ವಾರ ಆಕೆ ತನ್ನ ಕೈಯಿಂದ ತುಂಬಬೇಕು. ಬಡಾವಣೆಯಲ್ಲಿ ಆಕೆಯ ಮಾತಿಗೆ ತೂಕ ಬರೋದು ಇಲ್ಲಿಂದ. ಶಾಲೆಯ ಪೋಷಕರ ಸಭೆಯೋ ಬಾಡಿಗೆದಾರರ ಸಂಘವೋ ಶುರುವಾದರೆ ಜನ ಮೊದಲು ಕರೆಯೋದೂ ಇಂಥವರನ್ನೇ. ಮೆಕ್ಸಿಕೋದ ಉತ್ತರ ಗಡಿಯ ಕಡೆಯವರು ಇದನ್ನು ಕುಂದಿನಾ ಅನ್ನುತ್ತಾರೆ, ಡೊಮಿನಿಕನ್ನರು ಸಾನ್, ಗ್ವಾಟೆಮಾಲಾದವರು ಕುಚುಬಾಲ್, ಪೆರುವಿನವರು ಹುಂತಾ ಅಥವಾ ಪಂದೆರೋ.

ಎಲ್ಲಿ ಕೆಡುತ್ತದೆ? ಎತ್ತಿದವನು ಊರು ಬಿಡೋದು ಎಲ್ಲರಿಗೂ ಗೊತ್ತಿರುವ ಅಪಾಯ. ಅದಕ್ಕಿಂತ ದೊಡ್ಡದು, ಹತ್ತೂ ಜನ ಒಂದೇ ಹೋಟೆಲಿನ ಅಡುಗೆಮನೆಯವರಾಗಿರೋದು. ಆ ಹೋಟೆಲು ಮುಚ್ಚಿದರೆ ಒಂದೇ ವಾರದಲ್ಲಿ ಹತ್ತೂ ಜನರ ಕಂತು ನಿಲ್ಲುತ್ತದೆ, ಯಾರ ಒಳ್ಳೆಯತನವೂ ಉಪಯೋಗಕ್ಕೆ ಬರೋದಿಲ್ಲ. ಅವಧಿ ಉದ್ದ ಆದಷ್ಟೂ ಅಪಾಯ: 20 ಜನ, ಹದಿನೈದು ದಿನಕ್ಕೊಂದು ಕಂತು ಅಂದರೆ 40 ವಾರ, ಅಷ್ಟರಲ್ಲಿ ಕೆಲಸ ಬದಲಾಗುತ್ತದೆ, ಮನೆ ಬದಲಾಗುತ್ತದೆ. 10–12 ಜನರ ಒಳಗೆ ನಿಲ್ಲಿಸೋದು ಜಾಣತನ.

ಇನ್ನೊಂದು. ವಾಟ್ಸಾಪ್, ಫೇಸ್‌ಬುಕ್‌ಗಳಲ್ಲಿ ತಾಂದಾ ಹೆಸರಲ್ಲೇ ಪಿರಮಿಡ್ ಮೋಸ ಓಡುತ್ತದೆ. 'ಸಮೃದ್ಧಿಯ ಹೂವು' ಅನ್ನೋ ಅರ್ಥದ ಸ್ಪ್ಯಾನಿಷ್ ಹೆಸರಿನ ಆಟವೂ ಅದೇ ಜಾತಿ. ಪರೀಕ್ಷೆ ಸುಲಭ: ಜನ × ಕಂತು ಎಷ್ಟೋ ಅಷ್ಟೇ ಕೈಗೆ ಬಂದರೆ ತಾಂದಾ. 100 ಹಾಕಿ 800 ತಗೋ, ಆದರೆ ಇಬ್ಬರನ್ನು ಕರೆತಾ ಅಂದರೆ ಪಿರಮಿಡ್.

ಮಿಷನ್_ಬೀದಿ:

ಕ್ರೆಡಿಟ್ ಸ್ಕೋರಿನ ಭಾಗಕ್ಕೆ ಬರುತ್ತೇನೆ. ಸ್ಯಾನ್ ಫ್ರಾನ್ಸಿಸ್ಕೋದ ಮಿಷನ್ ಡಿಸ್ಟ್ರಿಕ್ಟ್‌ನಲ್ಲಿ 2007ರಲ್ಲಿ ಹುಟ್ಟಿದ ಮಿಷನ್ ಅಸೆಟ್ ಫಂಡ್ ಈ ವಿಷಯದಲ್ಲಿ ನೋಡಲೇಬೇಕಾದ ಸಂಸ್ಥೆ. ಅಲ್ಲಿನ ವಲೆನ್ಸಿಯಾ ಬೀದಿಯ ಲೀವೈಸ್ ಕಾರ್ಖಾನೆ ಮುಚ್ಚಿದ ಮೇಲೆ ಆ ಕಂಪನಿ ಕೊಟ್ಟ ಹಣ ಅದರ ಮೂಲ ಬಂಡವಾಳ. ಕಟ್ಟಿದವರು ಹೋಸೆ ಕಿನ್ಯೋನೆಸ್. 2016ರಲ್ಲಿ ಅವರಿಗೆ ಮ್ಯಾಕ್‌ಆರ್ಥರ್ ಫೆಲೋಶಿಪ್ ಬಂತು.

ಅವರು ಮಾಡಿದ್ದು ಇಷ್ಟೇ: ತಾಂದಾವನ್ನು ಹಾಗೇ ಇಟ್ಟು ಅದರ ಕೆಳಗೆ ಒಂದು ಸಾಲಪತ್ರ ತೂರಿಸಿದರು. ಹೆಸರು ಲೆಂಡಿಂಗ್ ಸರ್ಕಲ್. ಸದಸ್ಯರು ಮೊದಲು ಹಣಕಾಸಿನ ತರಗತಿ ಮುಗಿಸುತ್ತಾರೆ, ಗುಂಪು ಕೂತು ಕಂತು ಎಷ್ಟು, ಸರದಿ ಹೇಗೆ ಅಂತ ತೀರ್ಮಾನಿಸುತ್ತದೆ, ಪ್ರತಿಯೊಬ್ಬರೂ ಪ್ರಾಮಿಸರಿ ನೋಟಿಗೆ ಸಹಿ ಹಾಕುತ್ತಾರೆ, ಕಂತು ಬ್ಯಾಂಕ್ ಖಾತೆಯಿಂದ ತಾನಾಗಿ ಕಡಿತವಾಗುತ್ತದೆ. ಬಡ್ಡಿ ಸೊನ್ನೆ. ಪ್ರತಿ ತಿಂಗಳ ಪಾವತಿಯ ಮಾಹಿತಿ ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಟ್ರಾನ್ಸ್‌ಯೂನಿಯನ್ ಎಂಬ ಮೂರೂ ಕ್ರೆಡಿಟ್ ದಾಖಲೆ ಸಂಸ್ಥೆಗಳಿಗೆ ಹೋಗುತ್ತದೆ. ಬೀದಿಯ ತಾಂದಾದಲ್ಲಿ ಹತ್ತು ವರ್ಷ ತಪ್ಪದೆ ಕಟ್ಟಿದರೂ ಈ ಮೂವರಲ್ಲಿ ಒಬ್ಬರಿಗೂ ಸುದ್ದಿ ಮುಟ್ಟೋದಿಲ್ಲ.

ಇದಕ್ಕೆ ಕಾನೂನಿನ ಬಾಗಿಲು ತೆರೆದದ್ದು ಕ್ಯಾಲಿಫೋರ್ನಿಯಾದ ಎಸ್‌ಬಿ 896 (ಎಸ್‌ಬಿ ಅಂದರೆ ರಾಜ್ಯ ಸೆನೆಟ್‌ನ ಮಸೂದೆ), 2014ರದ್ದು. 2,500 ಡಾಲರ್‌ವರೆಗೆ ಬಡ್ಡಿಯಿಲ್ಲದ ಸಾಲ ಕೊಡುವ ಲಾಭರಹಿತ ಸಂಸ್ಥೆಗಳಿಗೆ ಲೇವಾದೇವಿ ಪರವಾನಗಿಯಿಂದ ವಿನಾಯಿತಿ ಕೊಟ್ಟಿತು.

ಈಗ ಅಂಕಗಳ ಯಂತ್ರ. ಅಮೆರಿಕದಲ್ಲಿ ಹೆಚ್ಚು ಬಳಕೆಯ ಕ್ರೆಡಿಟ್ ಸ್ಕೋರ್ ಆದ ಫೈಕೋ 300ರಿಂದ 850. ಅದರಲ್ಲಿ ಪಾವತಿ ಇತಿಹಾಸಕ್ಕೆ ಶೇ. 35, ಬಾಕಿಯ ಪ್ರಮಾಣಕ್ಕೆ ಶೇ. 30, ಖಾತೆಗಳ ವಯಸ್ಸಿಗೆ ಶೇ. 15, ಹೊಸ ಖಾತೆ ಮತ್ತು ಸಾಲದ ಬಗೆಗಳಿಗೆ ತಲಾ ಶೇ. 10. ಸ್ಕೋರು ಹುಟ್ಟಬೇಕಾದರೆ ಕನಿಷ್ಠ ಆರು ತಿಂಗಳ ವಯಸ್ಸಿನ ಒಂದು ಖಾತೆ ಇರಬೇಕು, ಕಳೆದ ಆರು ತಿಂಗಳಲ್ಲಿ ಒಂದಾದರೂ ಖಾತೆಯ ವರದಿ ಬಂದಿರಬೇಕು. ಜನ ಎಡವೋದು ಈ ಎರಡನೇ ಷರತ್ತಿನಲ್ಲಿ. ಹತ್ತು ತಿಂಗಳ ಸರ್ಕಲ್ ಮುಗಿದು ಸ್ಕೋರು ಬಂತು ಅಂತ ಸುಮ್ಮನಾದರೆ, ಖಾತೆ ಮುಚ್ಚಿದೆ, ಹೊಸ ವರದಿ ಇಲ್ಲ, ಆರು ತಿಂಗಳ ಮೇಲೆ ಸ್ಕೋರೇ ಮಾಯ. ಅದಕ್ಕೇ ಸರ್ಕಲ್ ನಡೆಯುತ್ತಿರುವಾಗಲೇ 200–500 ಡಾಲರ್ ಠೇವಣಿ ಇಟ್ಟು ಒಂದು ಸೆಕ್ಯೂರ್ಡ್ ಕಾರ್ಡ್ ತೆಗೆಯಬೇಕು. 300ರ ಮಿತಿ ಇದ್ದರೆ 90ರ ಒಳಗೆ ಬಳಸಿ, ತಿಂಗಳು ತಿಂಗಳು ಪೂರ್ತಿ ಕಟ್ಟಿ.

ಕಂತು 30 ದಿನ ತಡವಾದರೆ ಆ ಕಲೆ ಏಳು ವರ್ಷ ವರದಿಯಲ್ಲಿ ಉಳಿಯುತ್ತದೆ. ಬೀದಿಯ ತಾಂದಾದಲ್ಲಿ 'ಮುಂದಿನ ವಾರ ಎರಡೂ ಸೇರಿಸಿ ಕೊಡ್ತೀನಿ' ನಡೆಯುತ್ತದೆ, ಇಲ್ಲಿ ನಡೆಯೋದಿಲ್ಲ. ವಾರಕ್ಕೊಮ್ಮೆ ನಗದು ಎಣಿಸುವ ವ್ಯಾಪಾರಿಗೆ ತಿಂಗಳಿಗೊಮ್ಮೆ ಖಾತೆಯಿಂದ ಕಡಿತ ಅನ್ನೋದೇ ಹೊಂದೋದಿಲ್ಲ; ಕಡಿತದ ದಿನಕ್ಕೆ ಐದು ದಿನ ಮುಂಚೆ ಖಾತೆಗೆ ಹಾಕುವ ಅಭ್ಯಾಸ ಇಲ್ಲದವರು ಸೇರದಿರುವುದೇ ಮೇಲು.

ತೆರಿಗೆ_ಮೂಲೆ:

ಕಾಗದಪತ್ರದ ಪ್ರಶ್ನೆಗೆ. 1986ರ ವಲಸೆ ಕಾನೂನು ಶಿಕ್ಷಿಸೋದು ಅನುಮತಿ ಇಲ್ಲದವರನ್ನು ಗೊತ್ತಿದ್ದೂ ಕೆಲಸಕ್ಕೆ ಇಟ್ಟುಕೊಳ್ಳುವ ಧಣಿಯನ್ನು. ಕೆಲಸ ಮಾಡುವ ಅನುಮತಿ ಇದೆಯೇ ಅಂತ ಪರಿಶೀಲಿಸುವ ಐ-9 ನಮೂನೆ ತುಂಬೋದು ನೌಕರರಿಗೆ. ತಾನೇ ಧಣಿಯಾದವನು ತನಗೇ ಐ-9 ತುಂಬಬೇಕಾಗಿಲ್ಲ. ಇದು ಕೆಲಸದ ಪರವಾನಗಿ ಕೊಟ್ಟ ಹಾಗಲ್ಲ, ಬರೀ ಒಂದು ಸಂದು. ಸಂಬಳಕ್ಕೆ ದುಡಿಯುವ ದಾರಿ ಮುಚ್ಚಿದ್ದರಿಂದಲೇ ವ್ಯಾಪಾರಕ್ಕೆ ಇಳಿದವರು ಎಷ್ಟೋ ಜನ; 'ಉದ್ಯಮಶೀಲತೆ ಅವರ ರಕ್ತದಲ್ಲಿದೆ' ಅನ್ನುವವರು ಇದನ್ನು ಗಮನಿಸಬೇಕು.

ಮೊದಲ ಮೆಟ್ಟಿಲು ಐಟಿಐಎನ್, ಅಂದರೆ ಸೋಶಿಯಲ್ ಸೆಕ್ಯೂರಿಟಿ ಸಂಖ್ಯೆ ಸಿಗದವರಿಗೆ ತೆರಿಗೆ ಇಲಾಖೆ 1996ರಿಂದ ಕೊಡುತ್ತಿರುವ, 9ರಿಂದ ಶುರುವಾಗುವ ಒಂಬತ್ತು ಅಂಕಿಯ ಸಂಖ್ಯೆ. ಬೆಂಗಳೂರಿನಿಂದ ಹೋಗಿ ಎಚ್-4 (ನೌಕರರ ಕುಟುಂಬದವರ) ವೀಸಾದಲ್ಲಿರುವ ಎಷ್ಟೋ ಮಂದಿಯ ಬಳಿ ಇರೋದೂ ಇದೇ. ಅದಕ್ಕೆ ಅರ್ಜಿಯಾದ ಡಬ್ಲ್ಯೂ-7 ನಮೂನೆಯನ್ನು ಆ ವರ್ಷದ ತೆರಿಗೆ ರಿಟರ್ನ್ ಜೊತೆಗೇ ಲಗತ್ತಿಸಬೇಕು, ಬರೀ ನಮೂನೆ ಕಳಿಸಿದರೆ ಸಾಮಾನ್ಯವಾಗಿ ವಾಪಸ್. ಮೂಲ ಪಾಸ್‌ಪೋರ್ಟ್ ಅಂಚೆಗೆ ಹಾಕುವ ಧೈರ್ಯ ಇಲ್ಲದಿದ್ದರೆ ತೆರಿಗೆ ಇಲಾಖೆ ಮಾನ್ಯ ಮಾಡಿದ ಅಕ್ಸೆಪ್ಟೆನ್ಸ್ ಏಜೆಂಟ್ ಬಳಿ ಹೋಗಿ ದೃಢೀಕರಿಸಿಕೊಳ್ಳಬಹುದು. ಏಳು ವಾರ ಹಿಡಿಯುತ್ತದೆ, ಜನವರಿ ಮಧ್ಯದಿಂದ ಏಪ್ರಿಲ್ ಕೊನೆಯವರೆಗಿನ ಹಂಗಾಮಿನಲ್ಲಿ 9–11 ವಾರ. ಸತತ ಮೂರು ವರ್ಷ ಫೆಡರಲ್ ರಿಟರ್ನಿನಲ್ಲಿ ಬಳಸದಿದ್ದರೆ ಸಂಖ್ಯೆ ಸಾಯುತ್ತದೆ.

ಒಂದು ಗಂಭೀರ ಎಚ್ಚರಿಕೆ: 2025ರ ಏಪ್ರಿಲ್‌ನಲ್ಲಿ ತೆರಿಗೆ ಇಲಾಖೆ ವಲಸೆ ಜಾರಿ ಇಲಾಖೆಯೊಂದಿಗೆ ಮಾಹಿತಿ ಹಂಚಿಕೆಯ ಒಪ್ಪಂದ ಮಾಡಿಕೊಂಡಿತು, ಅದು ನ್ಯಾಯಾಲಯಗಳ ಮೆಟ್ಟಿಲೇರಿದೆ. ಹಳೆಯ ಸಲಹೆಗಳನ್ನು ಕಣ್ಣುಮುಚ್ಚಿ ಪಾಲಿಸುವ ಕಾಲ ಅಲ್ಲ. ಹೊಸದಾಗಿ ಅರ್ಜಿ ಹಾಕುವವರು ಮೊದಲು ವಲಸೆ ವಕೀಲರನ್ನು ಕಾಣಬೇಕು.

ವ್ಯಾಪಾರದ ರೂಪ: ಕ್ಯಾಲಿಫೋರ್ನಿಯಾದಲ್ಲಿ ಎಲ್‌ಎಲ್‌ಸಿ (ಸೀಮಿತ ಹೊಣೆಯ ಕಂಪನಿ) ಮಾಡಿದರೆ ಲಾಭ ಬರಲಿ ಬಿಡಲಿ ವರ್ಷಕ್ಕೆ 800 ಡಾಲರ್ ಕನಿಷ್ಠ ತೆರಿಗೆ. ತಮಾಲೆ ಗಾಡಿಗೆ ಅದು ಭಾರ, ಸ್ವಂತ ಹೆಸರಿನ ಒಡೆತನ ಸಾಕು. ತೆರಿಗೆ ರಿಟರ್ನಿನಲ್ಲಿ ವ್ಯಾಪಾರದ ಆದಾಯ ತೋರಿಸುವ ಶೆಡ್ಯೂಲ್ ಸಿ ತುಂಬಿ, ನಿವ್ವಳ ಆದಾಯದ ಮೇಲೆ ಸುಮಾರು ಶೇ. 15.3 ಸ್ವಯಂ ಉದ್ಯೋಗ ತೆರಿಗೆ ಕಟ್ಟಬೇಕು. ಮುಂಗಡ ಕಂತುಗಳು ಏಪ್ರಿಲ್, ಜೂನ್, ಸೆಪ್ಟೆಂಬರ್, ಜನವರಿ 15ಕ್ಕೆ. ಮಾರಾಟ ಬಂದಾಗಲೇ ಶೇ. 20–25 ಪಕ್ಕಕ್ಕೆ ಎತ್ತಿಡದವರು ಮೊದಲ ಏಪ್ರಿಲ್‌ನಲ್ಲೇ ಮುಗ್ಗರಿಸುತ್ತಾರೆ, ಆಮೇಲೆ ತಾಂದಾದ ಹಣ ತೆರಿಗೆಗೆ ಹೋಗುತ್ತದೆ.

ಬೀದಿ ವ್ಯಾಪಾರಕ್ಕೆ ಎಸ್‌ಬಿ 946 ದೊಡ್ಡ ತಿರುವು. 2018ರಲ್ಲಿ ಸಹಿಯಾಗಿ 2019ರ ಜನವರಿ 1ರಿಂದ ಜಾರಿ. ಪಾದಚಾರಿ ಮಾರ್ಗದಲ್ಲಿ ಮಾರೋದು ಇಡೀ ರಾಜ್ಯದಲ್ಲಿ ಕ್ರಿಮಿನಲ್ ಅಪರಾಧವಾಗಿ ಉಳಿಯಲಿಲ್ಲ, ಬರೀ ದಂಡ. ಪರವಾನಗಿಗೆ ಸೋಶಿಯಲ್ ಸೆಕ್ಯೂರಿಟಿ ಬದಲು ಐಟಿಐಎನ್, ರಾಜ್ಯದ ಚಾಲನಾ ಪರವಾನಗಿ ಅಥವಾ ನಗರದ ಗುರುತಿನ ಸಂಖ್ಯೆಯನ್ನು ಒಪ್ಪಲೇಬೇಕು. ಇದರ ಹಿಂದೆ ಲಾಸ್ ಏಂಜಲೀಸ್‌ನ ಗಾಡಿ ವ್ಯಾಪಾರಿಗಳ ವರ್ಷಗಟ್ಟಲೆಯ ಸಂಘಟನೆ ಇದೆ, ಸಭೆಗಳಲ್ಲಿ ಮಾತಾಡಿದವರೂ ಹೆಚ್ಚಿನಂಶ ಹೆಂಗಸರೇ. ಆದರೂ ಆಹಾರ ಗಾಡಿಗಳಿಗೆ ಆರೋಗ್ಯ ಇಲಾಖೆಯ ನಿಯಮ ಅಡ್ಡ ನಿಂತಿತು: ಸಿಂಕ್, ನೀರಿನ ಟ್ಯಾಂಕು ಅಂತ ಗಾಡಿ ಪಾದಚಾರಿ ಮಾರ್ಗದಲ್ಲಿ ಹಿಡಿಸದಷ್ಟು ದೊಡ್ಡದಾಗುತ್ತಿತ್ತು. 2022ರ ಎಸ್‌ಬಿ 972 ಬಂದ ಮೇಲೆ ಅದು ಸಡಿಲವಾಯಿತು.

ಒಗ್ಗರಣೆ:

ಮೇಲಿನವರು ಹೇಳಿದ್ದೆಲ್ಲ ಸರಿ, ಆದರೆ 'ಲ್ಯಾಟಿನೋ' ಅಂತ ಒಂದೇ ಚೀಲಕ್ಕೆ ಹಾಕಬೇಡಿ. 2020ರ ಜನಗಣತಿಯಲ್ಲಿ 6.2 ಕೋಟಿ ಜನ ಆ ಗುರುತಿನ ಕೆಳಗೆ ಬಂದರು. ಪೋರ್ಟೊ ರಿಕೊದವರು 1917ರಿಂದ ಅಮೆರಿಕದ ಪ್ರಜೆಗಳು, ಅವರಿಗೆ ಐಟಿಐಎನ್ ಸುದ್ದಿಯೇ ಬೇಡ. 1960ರ ದಶಕದಲ್ಲಿ ಮಯಾಮಿಗೆ ಬಂದ ಕ್ಯೂಬನ್ನರಿಗೆ ಅಲ್ಲಿನ ಬ್ಯಾಂಕುಗಳಲ್ಲಿ ಅಡಮಾನವಿಲ್ಲದೆ ಸಾಲ ಸಿಗುತ್ತಿತ್ತು. ಬ್ಯಾಂಕಿನ ಸಾಲ ವಿಭಾಗದಲ್ಲಿ ಕೂತವರೂ ಕ್ಯೂಬನ್ನರೇ. ಬಂದವರು ಹವಾನಾದಲ್ಲಿ ಯಾವ ಅಂಗಡಿ ನಡೆಸುತ್ತಿದ್ದರು ಅನ್ನೋದು ಅವರಿಗೆ ಗೊತ್ತಿತ್ತು. 1966ರ ಕಾನೂನಿನಿಂದ ಅವರಿಗೆ ಕಾಯಂ ವಾಸದ ಹಕ್ಕೂ ಬಂತು. ತಡವಾಗಿ ಬಂದ ಬಡ ಕ್ಯೂಬನ್ನರಿಗೆ ಆ ಸಾಲ ಸಿಗಲಿಲ್ಲ. ಭಾಷೆ ಅದೇ, ಊಟ ಅದೇ. ಹಾಗಾಗಿ ಸಂಸ್ಕೃತಿಗೆ ಕೊಡುವ ಅಂಕದಲ್ಲಿ ಅರ್ಧವನ್ನು ಕಾಗದಕ್ಕೂ ವರ್ಗಕ್ಕೂ ಕೊಡಿ.

ಉತ್ತರ ಕ್ಯಾರೊಲೈನಾದ ಡರಮ್‌ನಲ್ಲಿ 2000ದಲ್ಲಿ ಶುರುವಾದ ಲ್ಯಾಟಿನೋ ಕಮ್ಯುನಿಟಿ ಕ್ರೆಡಿಟ್ ಯೂನಿಯನ್ ಕೂಡ ಸಂಸ್ಕೃತಿಯ ಅಭಿಮಾನದಿಂದ ಹುಟ್ಟಿದ್ದಲ್ಲ. ಖಾತೆ ಇಲ್ಲದ ಕೂಲಿಗಳು ನಗದು ಇಟ್ಟುಕೊಂಡು ಓಡಾಡುತ್ತಾರೆ ಅಂತ ಗೊತ್ತಾಗಿ ಅವರ ಮೇಲೆ ದರೋಡೆಗಳು ಹೆಚ್ಚಿದ್ದವು.

ತಾಂದಾದ 1,000–2,000 ಸಾಲದೆ ಹೋದಾಗ ಜನ ಎಲ್ಲಿಗೆ ಹೋಗುತ್ತಾರೆ ಅನ್ನೋದನ್ನೂ ಯಾರೂ ಹೇಳಲಿಲ್ಲ. ಮರ್ಚೆಂಟ್ ಕ್ಯಾಶ್ ಅಡ್ವಾನ್ಸ್, ಅಂದರೆ ವ್ಯಾಪಾರಿಗಳಿಗೆ ಕೊಡುವ ನಗದು ಮುಂಗಡ. 10,000 ಕೊಡುತ್ತಾರೆ, 'ಫ್ಯಾಕ್ಟರ್ 1.3' (ಕೊಟ್ಟದ್ದರ 1.3 ಪಟ್ಟು ವಾಪಸ್) ಅನ್ನುತ್ತಾರೆ, ಶೇ. 30 ಬಡ್ಡಿ ಅಂತ ಕೇಳಿಸುತ್ತದೆ. ಆರು ತಿಂಗಳು ಪ್ರತಿ ಕೆಲಸದ ದಿನ ಖಾತೆಯಿಂದ ಸುಮಾರು 100 ಡಾಲರ್ ಎಳೆದು 13,000 ವಸೂಲಿ. ಅಸಲು ದಿನವೂ ಇಳಿಯುವುದರಿಂದ ವಾರ್ಷಿಕ ದರ ಶೇ. 100 ದಾಟುತ್ತದೆ. ಕ್ಯಾಲಿಫೋರ್ನಿಯಾದಲ್ಲಿ 2022ರ ಡಿಸೆಂಬರ್‌ನಿಂದ ಇಂಥವರು ವಾರ್ಷಿಕ ದರವನ್ನು ಬರೆದು ತೋರಿಸಬೇಕು. ಆ ಹಾಳೆ ಕೇಳದೆ ಸಹಿ ಹಾಕಬಾರದು. ಅದಕ್ಕಿಂತ ಮೊದಲು ಸ್ಯಾನ್ ಆಂಟೋನಿಯೋದ ಲಿಫ್ಟ್‌ಫಂಡ್‌ನಂಥ ಲಾಭರಹಿತ ಸಾಲ ಸಂಸ್ಥೆಗಳ ಬಾಗಿಲು ತಟ್ಟಬೇಕು.

ಹಾಸನದ_ಕೇಳುಗ:

ಧನ್ಯವಾದ, ಇದೇ ಬೇಕಿತ್ತು. ಕೊನೆಯದೊಂದು: ಬೇ ಏರಿಯಾದ (ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ) ಕನ್ನಡಿಗರು ನಮ್ಮ ಹರಾಜಿನ ಚೀಟಿಯನ್ನೇ ಅಲ್ಲಿ ನಡೆಸಿದರೆ?

ಜಮಾಖರ್ಚು:

ಹರಾಜು ಬಿಡಿ, ತಾಂದಾ ಮಾದರಿ ಇಟ್ಟುಕೊಳ್ಳಿ. ತಾಂದಾದಲ್ಲಿ ಎತ್ತಿದ ಹಣ ಸದಸ್ಯರು ಕಟ್ಟಿದ್ದೇ ಆದ್ದರಿಂದ ಆದಾಯ ಅನ್ನೋ ಪ್ರಶ್ನೆ ಬರೋದಿಲ್ಲ. ಕಸರು ಹಂಚಿದ ಕೂಡಲೇ ಅದು ಬಡ್ಡಿಯ ಥರ ಕಾಣುತ್ತದೆ, ತೆರಿಗೆಯೂ ಪರವಾನಗಿಯೂ ಎದ್ದು ನಿಲ್ಲುತ್ತವೆ. ಎಚ್-1ಬಿ ಉದ್ಯೋಗ ವೀಸಾದಲ್ಲಿ ಇರುವವರು ಕಮಿಷನ್ ತಗೊಂಡು ನಡೆಸಿದರೆ ಅದು ಪ್ರಾಯೋಜಕ ಕಂಪನಿಯ ಹೊರಗಿನ ದುಡಿಮೆ, ವೀಸಾಕ್ಕೇ ಕುತ್ತು.

ಇನ್ನು ನಗದು. 10,000 ಡಾಲರ್ ಮೀರಿದ ನಗದು ಜಮಾ ಮಾಡಿದರೆ ಬ್ಯಾಂಕು ವರದಿ ಕಳಿಸುತ್ತದೆ, ಅದರಲ್ಲಿ ಹೆದರುವಂಥದ್ದು ಏನೂ ಇಲ್ಲ. ವರದಿ ತಪ್ಪಿಸಲು 9,500, 9,000 ಅಂತ ಒಡೆದು ಹಾಕಿದರೆ ಹಣ ಸಾಚಾ ಆಗಿದ್ದರೂ ಒಡೆದದ್ದೇ ಅಪರಾಧ. ಕಂತುಗಳನ್ನು ಖಾತೆಯಿಂದ ಖಾತೆಗೆ ಕಳಿಸಿ, ಟಿಪ್ಪಣಿಯಲ್ಲಿ ಸುತ್ತು ಮತ್ತು ನಂಬರು ಬರೆಯಿರಿ, ಹೆಸರು, ತಾರೀಖು, ಮೊತ್ತ ಇರುವ ಒಂದೇ ಹಾಳೆಯ ಪ್ರತಿ ಎಲ್ಲರ ಬಳಿಯೂ ಇರಲಿ.