ಮಗಳ ರೋಬಕ್ಸ್ ಇನ್ನೂ ‘ಪೆಂಡಿಂಗ್’ ಅಂತಲೇ ತೋರಿಸುತ್ತಿದೆ, ಇದು ಬರುತ್ತದಾ ಇಲ್ವಾ?

ಪ್ರಶ್ನೆ (ದಾವಣಗೆರೆಯಿಂದ ಒಬ್ಬ ತಂದೆ):

ಎಲ್ಲರಿಗೂ ನಮಸ್ಕಾರ. ಮಗಳಿಗೆ 14 ವರ್ಷ. ರೋಬ್ಲಾಕ್ಸ್‌ನಲ್ಲಿ ಸುಮ್ನೆ ಆಡುತ್ತಾಳೆ ಅಂದುಕೊಂಡಿದ್ದೆವು (ಬೇರೆಯವರು ಮಾಡಿದ ಆಟ ಆಡುವ, ತಾವೂ ಆಟ ಮಾಡಿ ಹಾಕುವ ಆನ್‌ಲೈನ್ ಜಾಗ ಅದು). ಈಗ ನೋಡಿದರೆ ತಾನೇ ಒಂದು ಆಟ ಮಾಡಿ, ಅದರಲ್ಲಿ ಗೇಮ್ ಪಾಸ್, ಅಂದರೆ ಆಟದೊಳಗೆ ಹೆಚ್ಚಿನ ಸೌಲಭ್ಯ ಕೊಡುವ ಪಾಸ್, ಮಾರುತ್ತಿದ್ದಾಳೆ. ಒಂದು ಪಾಸಿಗೆ 50 ರೋಬಕ್ಸ್, ಅದು ಅಲ್ಲಿ ನಡೆಯುವ ದುಡ್ಡು. ಸೋಮವಾರ 20 ಪಾಸ್ ಹೋದವು. ಅಂದರೆ 1000 ಬರಬೇಕಲ್ವಾ? ಅಲ್ಲಿ ತೋರಿಸಿದ್ದು 700, ಅದೂ ಪೆಂಡಿಂಗ್ ಅಂತ. ಗುರುವಾರ ಅದೇ ಜಾಗದಲ್ಲಿ 910 ಇತ್ತು, ಬ್ಯಾಲೆನ್ಸಿಗೆ ಮಾತ್ರ ಒಂದು ರೋಬಕ್ಸೂ ಬಂದಿರಲಿಲ್ಲ. ಅವಳು ಊಟಕ್ಕೆ ಕೂತಾಗಲೂ ಫೋನ್ ತೆಗೆದು ಅದನ್ನೇ ನೋಡುತ್ತಾಳೆ. ಡಿಸ್ಕಾರ್ಡ್ ಅನ್ನುವ ಚಾಟ್ ಆ್ಯಪ್‌ನ ಯಾವುದೋ ಗುಂಪಿನಲ್ಲಿ ಒಬ್ಬರು ‘ಪೆಂಡಿಂಗ್ ಇವತ್ತೇ ಬಿಡಿಸಿಕೊಡುತ್ತೇನೆ’ ಅಂದಿದ್ದಾರಂತೆ. ನನಗೆ ತಲೆಬುಡ ಗೊತ್ತಾಗುತ್ತಿಲ್ಲ. ಈ ಕೆಲಸ ಮಾಡುವವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಉತ್ತರ (ಬೆಂಗಳೂರು, ಗೇಮ್ ಡೆವಲಪರ್):

ಸರ್, ಆ ಡಿಸ್ಕಾರ್ಡ್ ವಿಷಯಕ್ಕೆ ಮೊದಲು ಉತ್ತರ ಕೊಡುತ್ತೇನೆ, ಅದೇ ಅರ್ಜೆಂಟ್. ಪೆಂಡಿಂಗ್ ಬೇಗ ಬಿಡಿಸುವುದು ಹೊರಗಿನ ಯಾರ ಕೈಯಲ್ಲೂ ಇಲ್ಲ. ಹಾಗಂತ ಹೇಳುವವನಿಗೆ ಬೇಕಾಗಿರುವುದು ಮಗಳ ಅಕೌಂಟ್. ಪಾಸ್‌ವರ್ಡ್ ಕೇಳಿದರೆ ಮಕ್ಕಳಿಗೂ ಅನುಮಾನ ಬರುತ್ತದೆ, ಅದಕ್ಕೇ ಈಗ ಹಾಗೆ ಕೇಳುವುದಿಲ್ಲ. ‘ಬ್ರೌಸರ್‌ನಲ್ಲಿ ಇಂಥ ಕಡೆ ಹೋಗು, ಅಲ್ಲಿರುವ ಉದ್ದದ ಸಾಲನ್ನು ಕಾಪಿ ಮಾಡಿ ಕಳಿಸು’ ಅನ್ನುತ್ತಾರೆ. ಅದು ಲಾಗಿನ್ ಕುಕಿ. ಆ ಸಾಲು ಶುರುವಾಗುವುದೇ ‘ಎಚ್ಚರಿಕೆ, ಇದನ್ನು ಯಾರಿಗೂ ಕೊಡಬೇಡಿ’ ಅನ್ನುವ ಇಂಗ್ಲಿಷ್ ಮಾತಿನಿಂದ, ಆದರೂ ಆತುರದಲ್ಲಿ ಓದುವವರು ಯಾರು? ಅದು ಸಿಕ್ಕರೆ ಪಾಸ್‌ವರ್ಡೂ ಬೇಡ, ಓಟಿಪಿಯೂ ಬೇಡ, ಸೀದಾ ಒಳಗೆ ಬರುತ್ತಾರೆ. ಈಗಾಗಲೇ ಕಳಿಸಿದ್ದಾಳಾ ಅಂತ ಗದರದೆ ಕೇಳಿ. ಕಳಿಸಿದ್ದರೆ ಇವತ್ತೇ ಪಾಸ್‌ವರ್ಡ್ ಬದಲಿಸಿ, ಸೆಟ್ಟಿಂಗ್ಸ್‌ಗೆ ಹೋಗಿ ಎಲ್ಲ ಕಡೆಯಿಂದ ಲಾಗ್‌ಔಟ್ ಮಾಡಿಸಿ.

ಈಗ ಲೆಕ್ಕ. 1000ಕ್ಕೆ 700 ಯಾಕೆ ಅಂದರೆ ಗೇಮ್ ಪಾಸ್ ಮಾರಾಟದಲ್ಲಿ 30% ರೋಬ್ಲಾಕ್ಸ್ ಇಟ್ಟುಕೊಳ್ಳುತ್ತದೆ, ಮಾಡಿದವರಿಗೆ 70%. ಒಂದು ಪಾಸಿಗೆ 35 ಬಂತು. 20 ಪಾಸಿಗೆ 700. ಗುರುವಾರದೊಳಗೆ ಇನ್ನೂ 6 ಪಾಸ್ ಹೋಗಿರಬೇಕು, ಅದರ 210 ಸೇರಿ 910. ಮೋಸ ಏನೂ ಇಲ್ಲ.

ಪೆಂಡಿಂಗ್ ಯಾಕೆ ಇಡುತ್ತಾರೆ? ಪಾಸ್ ಕೊಂಡವನು ಆ ರೋಬಕ್ಸನ್ನು ಎಲ್ಲಿಂದ ತಂದ ಅನ್ನುವುದು ಮಾರಿದವರಿಗೆ ಗೊತ್ತಿರುವುದಿಲ್ಲ. ಕದ್ದ ಕಾರ್ಡಿನಲ್ಲಿ ತಂದಿರಬಹುದು. ಮಗು ಅಪ್ಪನಿಗೆ ಹೇಳದೆ ಕೊಂಡು, ಅಪ್ಪ ಬ್ಯಾಂಕಿಗೆ ಫೋನ್ ಮಾಡಿ ದುಡ್ಡು ವಾಪಸ್ ಹಾಕಿಸಿಕೊಂಡಿರಬಹುದು. ಅಷ್ಟರಲ್ಲಿ ಮಾರಿದವರು ರೋಬಕ್ಸ್ ಖರ್ಚು ಮಾಡಿಬಿಟ್ಟಿದ್ದರೆ ವಸೂಲಿ ಹೇಗೆ? ಬ್ಯಾಂಕಿಗೆ ಹಾಕಿದ ಚೆಕ್ ಕ್ಲಿಯರ್ ಆಗುವ ತನಕ ಕಾಯುತ್ತೇವಲ್ಲ, ಅದೇ ಥರ. ಸಾಮಾನ್ಯವಾಗಿ 3ರಿಂದ 7 ದಿನ ಹಿಡಿಯುತ್ತದೆ. ಲಿಮಿಟೆಡ್ ಅನ್ನುವ, ಎಣಿಸಿ ಬಿಡುವ ವಸ್ತುಗಳನ್ನು ಮರುಮಾರಾಟ ಮಾಡಿದರೆ 30 ದಿನದವರೆಗೂ ಹೋಗುತ್ತದೆ. ಮಗಳದು ಗೇಮ್ ಪಾಸ್, ಹಾಗಾಗಿ ವಾರದ ಲೆಕ್ಕ ಇಟ್ಟುಕೊಳ್ಳಿ.

ಜಾಸ್ತಿ ಜನ ಗೊಂದಲ ಮಾಡಿಕೊಳ್ಳುವುದು ಮುಂದಿನ ವಿಷಯದಲ್ಲಿ. ಪೆಂಡಿಂಗ್ ಮೊತ್ತ ಒಟ್ಟಾಗಿ ಒಂದು ದಿನ ಬಿಡುಗಡೆ ಆಗುವುದಿಲ್ಲ. ಪ್ರತಿ ಮಾರಾಟಕ್ಕೂ ಅದರದ್ದೇ ಗಡುವು. ಸೋಮವಾರದ 700 ಮುಂದಿನ ಸೋಮವಾರದ ಹೊತ್ತಿಗೆ ಬ್ಯಾಲೆನ್ಸಿಗೆ ಬರುತ್ತದೆ ಅಂದುಕೊಳ್ಳಿ, ಆಗಲೂ ಗುರುವಾರದ 210 ಪೆಂಡಿಂಗ್‌ನಲ್ಲೇ ಇರುತ್ತದೆ, ಅದರ ಮೇಲೆ ಶನಿವಾರ ಭಾನುವಾರದ ಮಾರಾಟ ಕೂಡಿರುತ್ತದೆ. ಆಟ ಚೆನ್ನಾಗಿ ಓಡುತ್ತಿದ್ದರೆ ಆ ಜಾಗದಲ್ಲಿ ಸೊನ್ನೆ ಬರುವುದೇ ಇಲ್ಲ. ಅದನ್ನು ನೋಡಿ ‘ಬರುತ್ತಾನೇ ಇಲ್ಲ’ ಅಂತ ಮಕ್ಕಳು ಅಳುತ್ತಾರೆ. ನಿಜ ಹೇಳಬೇಕೆಂದರೆ ಸೊನ್ನೆ ಬಂದ ದಿನವೇ ಬೇಜಾರು ಮಾಡಿಕೊಳ್ಳಬೇಕು.

ನೋಡುವುದು ಹೇಗೆ ಅಂದರೆ, ಫೋನ್ ಬಿಟ್ಟು ಕಂಪ್ಯೂಟರ್‌ನಲ್ಲಿ ಸೈಟ್ ತೆಗೆಯಿರಿ. ಮೇಲೆ ಬಲಗಡೆ ರೋಬಕ್ಸ್ ಚಿಹ್ನೆ ಇದೆ, ಅದನ್ನು ಒತ್ತಿ ಟ್ರಾನ್ಸಾಕ್ಷನ್ಸ್‌ಗೆ ಹೋಗಿ. ಸಮ್ಮರಿಯಲ್ಲಿ ಪೆಂಡಿಂಗ್ ಬೇರೆ, ಬಂದಿದ್ದು ಬೇರೆ ಸಾಲಿನಲ್ಲಿ ಇರುತ್ತದೆ. ದಿನದ್ದು, ವಾರದ್ದು, ತಿಂಗಳದ್ದು ಅಂತ ಬದಲಾಯಿಸಿ ನೋಡಬಹುದು.

ತಂದೆ:

ತುಂಬಾ ಥ್ಯಾಂಕ್ಸ್ ಸರ್. ಕೇಳಿದೆ, ಏನೂ ಕಳಿಸಿಲ್ಲವಂತೆ, ಬದುಕಿದೆವು. ಇನ್ನೊಂದು ವಿಷಯ. ಬ್ಯಾಲೆನ್ಸಿಗೆ ಬಂದ ಮೇಲೆ ಅದನ್ನು ರೂಪಾಯಿ ಮಾಡಿಕೊಳ್ಳಬಹುದಾ? ಅವಳು ಸೈಕಲ್ ತಗೋತೀನಿ ಅಂತ ಕೂತಿದ್ದಾಳೆ.

ಡೆವಲಪರ್:

ಮಾಡಿಕೊಳ್ಳಬಹುದು ಸರ್, ಆದರೆ ಸೈಕಲ್ ಸ್ವಲ್ಪ ದೂರ ಇದೆ. ಡೆವ್‌ಎಕ್ಸ್ ಅನ್ನುವ ಅವರದೇ ದಾರಿ ಇದೆ. ಅದಕ್ಕೆ ಕನಿಷ್ಠ 30,000 ದುಡಿದ ರೋಬಕ್ಸ್ ಬೇಕು, 13 ವರ್ಷ ತುಂಬಿರಬೇಕು, ಗುರುತಿನ ಚೀಟಿ ಪರಿಶೀಲನೆ ಆಗಬೇಕು, ತೆರಿಗೆ ಫಾರಂ ತುಂಬಬೇಕು. ‘ದುಡಿದ’ ಅಂದೆ, ಗಮನಿಸಿ. ನೀವು ಹುಟ್ಟುಹಬ್ಬಕ್ಕೆ ದುಡ್ಡು ಕೊಟ್ಟು ಹಾಕಿಸಿದ ರೋಬಕ್ಸ್ ಇದಕ್ಕೆ ಲೆಕ್ಕವಿಲ್ಲ. ಪೆಂಡಿಂಗ್ ಇರುವುದೂ ಲೆಕ್ಕವಿಲ್ಲ.

ದರ 2025ರ ಸೆಪ್ಟೆಂಬರ್ 5ರಿಂದ ಒಂದು ರೋಬಕ್ಸಿಗೆ 0.0038 ಡಾಲರ್. ಅದಕ್ಕೂ ಮುಂಚೆ ದುಡಿದದ್ದಕ್ಕೆ ಹಳೆಯ 0.0035. ಹೊಸ ದರದಲ್ಲಿ 30,000ಕ್ಕೆ 114 ಡಾಲರ್ ಆಗುತ್ತದೆ. ಮಗಳಿಗೆ ಒಂದು ಪಾಸಿಗೆ 35 ಸಿಗುವುದರಿಂದ 30,000 ಮುಟ್ಟಲು 858 ಪಾಸ್ ಮಾರಬೇಕು. ಈಗಿನ 700 ರೋಬಕ್ಸ್ ಅಂದರೆ ಎರಡೂವರೆ ಡಾಲರ್ ಚಿಲ್ಲರೆ. ಅದೇ ಅಮೆರಿಕದ ಬೆಲೆಯಲ್ಲಿ ಫೋನ್ ಆ್ಯಪ್‌ನಿಂದ 400 ರೋಬಕ್ಸ್ ಕೊಳ್ಳಲು 4.99 ಡಾಲರ್ ಕೊಡಬೇಕು, ಅಂದರೆ ಕೊಳ್ಳುವಾಗ ಒಂದಕ್ಕೆ ಸುಮಾರು ಒಂದೂಕಾಲು ಸೆಂಟ್, ಮಾರುವಾಗ ಅರ್ಧ ಸೆಂಟೂ ಇಲ್ಲ. ನನ್ನ ಪ್ರಕಾರ ಇದು ತೀರಾ ಜಾಸ್ತಿ ಅಂತರ, ಆದರೆ ಸರ್ವರ್, ಆಟಗಾರರು ಎಲ್ಲ ಅವರದೇ ಆಗಿರುವಾಗ ನಮ್ಮ ಮಾತು ನಡೆಯುವುದಿಲ್ಲ. ಹೊರಗೆ ಯಾರಿಗೋ ರೋಬಕ್ಸ್ ಮಾರಿ ಯುಪಿಐನಲ್ಲಿ ದುಡ್ಡು ತಗೊಳ್ಳುವ ಆಸೆ ಮಾತ್ರ ಬೇಡ. ಅದು ನಿಯಮಕ್ಕೆ ವಿರುದ್ಧ, ಅಕೌಂಟೇ ಹೋಗುತ್ತದೆ.

ಗುಂಪಿನ ಇನ್ನೊಬ್ಬರು (ಶಿವಮೊಗ್ಗ):

ಆನ್‌ಲೈನ್ ಗೇಮಿಂಗ್ ನಿಷೇಧ ಅಂತ ಕಾನೂನು ಬಂತಲ್ಲ, ಇದೆಲ್ಲ ತೊಂದರೆ ಆಗಲ್ವಾ? ಟ್ಯಾಕ್ಸ್ ಬೇರೆ?

ಉತ್ತರ (ಮೈಸೂರು, ಚಾರ್ಟರ್ಡ್ ಅಕೌಂಟೆಂಟ್):

2025ರ ಆಗಸ್ಟಿನಲ್ಲಿ ಬಂದ ಆ ಕಾನೂನು ನಿಷೇಧಿಸಿರುವುದು ದುಡ್ಡು ಕಟ್ಟಿ, ಗೆದ್ದರೆ ದುಡ್ಡು ಸಿಗುತ್ತದೆ ಅಂತ ಆಡುವ ಆಟಗಳನ್ನು. ಆಟ ಮಾಡಿ ಅದರೊಳಗೆ ಪಾಸ್ ಮಾರುವುದು ಪಣ ಕಟ್ಟುವುದಲ್ಲ. ತೆರಿಗೆ ವಿಷಯಕ್ಕೆ ಬಂದರೆ, ಮಕ್ಕಳ ಹೆಸರಿನ ಠೇವಣಿಯ ಬಡ್ಡಿಯಂಥದ್ದು ತಂದೆ ಅಥವಾ ತಾಯಿಯ ಆದಾಯಕ್ಕೆ ಸೇರುತ್ತದೆ. ಆದರೆ ಮಗು ತನ್ನ ಸ್ವಂತ ಜಾಣ್ಮೆ, ಪ್ರತಿಭೆಯಿಂದ ದುಡಿದದ್ದು ಹಾಗೆ ಸೇರುವುದಿಲ್ಲ, ಅದು ಮಗುವಿನದೇ ಆದಾಯ. 114 ಡಾಲರಿಗೆ ಯಾರೂ ನಿದ್ದೆ ಕೆಡಿಸಿಕೊಳ್ಳಬೇಕಿಲ್ಲ. ದೊಡ್ಡ ಮೊತ್ತ ಬರಲು ಶುರುವಾದರೆ ಪ್ರತಿ ಸಲದ ಮೇಲ್, ಬ್ಯಾಂಕ್ ಎಂಟ್ರಿ ಎರಡನ್ನೂ ತೆಗೆದಿಡಿ, ವರ್ಷದ ಕೊನೆಗೆ ಹುಡುಕುತ್ತಾ ಕೂರಬೇಡಿ.

ಗುಂಪಿನ ಹುಡುಗ (ಪಿಯುಸಿ):

ಅಣ್ಣಾ, ನಾವು ನಾಲ್ಕು ಜನ ಸೇರಿ ರೋಬ್ಲಾಕ್ಸ್‌ನಲ್ಲೇ ಒಂದು ಗ್ರೂಪ್ ಮಾಡಿ, ಅದರ ಹೆಸರಲ್ಲಿ ಆಟ ಮಾಡಿದ್ದೇವೆ. ಪೆಂಡಿಂಗ್ ಮುಗಿದು ಗ್ರೂಪಿಗೆ ಬಂದಿದೆ. ಮೂವರಿಗೆ ಕಳಿಸಲು ಆಯಿತು, ಹೋದ ವಾರ ಸೇರಿದ ಒಬ್ಬನಿಗೆ ಮಾತ್ರ ಹೋಗುತ್ತಿಲ್ಲ. ಅವನು ನಾನೇ ನುಂಗಿದೆ ಅಂತ ಜಗಳ ಆಡುತ್ತಿದ್ದಾನೆ.

ಡೆವಲಪರ್:

ತಮ್ಮಾ, ನೀನು ನುಂಗಿಲ್ಲ ಅಂತ ಅವನಿಗೆ ಈ ಉತ್ತರ ತೋರಿಸು. ಗ್ರೂಪಿಗೆ ಸೇರಿ 14 ದಿನ ಆಗದೆ ಯಾರಿಗೂ ಪಾಲು ಕಳಿಸಲು ಬರುವುದಿಲ್ಲ. ಅವನು ಮಧ್ಯೆ ಸಿಟ್ಟಿನಲ್ಲಿ ಗ್ರೂಪ್ ಬಿಟ್ಟು ಮತ್ತೆ ಸೇರಿದರೆ ದಿನ ಎಣಿಸುವುದು ಮೊದಲಿಂದ ಶುರು, ಹಾಗಾಗಿ ಅಲ್ಲೇ ಇರಲು ಹೇಳು. ಅಲ್ಲಿಯವರೆಗೆ ಅವನ ಪಾಲು ಗ್ರೂಪ್ ಫಂಡ್‌ನಲ್ಲೇ ಇರಲಿ, ಅದರಲ್ಲಿ ಜಾಹೀರಾತು ಕೊಡಲು ಹೋಗಬೇಡ.