ಹೊಟ್ಟೆಯ ಒಳಪದರಕ್ಕೆ ಬಿಳಿ ರಕ್ತಕಣ ಬರುವುದು ಹೇಗೆ?

ಪ್ರಶ್ನೆ (ಸೋಮವಾರಪೇಟೆಯಿಂದ): ಮೇಡಂ, ನಮಸ್ಕಾರ. ನಮ್ಮ ಮನೆಯವರಿಗೆ ತುಂಬಾ ದಿನದಿಂದ ಹೊಟ್ಟೆಯುರಿ. ಮಡಿಕೇರಿಯಲ್ಲಿ ಎಂಡೋಸ್ಕೋಪಿ ಮಾಡಿ ಬಯಾಪ್ಸಿ ತೆಗೆದರು. ಎಚ್. ಪೈಲೋರಿ ಅನ್ನುವ ಬ್ಯಾಕ್ಟೀರಿಯಾ ಇದೆ, ನ್ಯೂಟ್ರೋಫಿಲ್, ಲಿಂಫೋಸೈಟ್ ಅನ್ನುವ ಬಿಳಿ ರಕ್ತಕಣ ಜಾಸ್ತಿ ಇವೆ ಅಂತ ರಿಪೋರ್ಟ್ ಬಂದಿದೆ. ಅವು ರಕ್ತದಲ್ಲಿರುವ ಕಣ ಅಲ್ವಾ? ಹೊಟ್ಟೆಗೆ ಹೇಗೆ ಬಂದವು? ಬಂದ ಮೇಲೂ ಬ್ಯಾಕ್ಟೀರಿಯಾ ಯಾಕೆ ಸಾಯಲಿಲ್ಲ? ಕಾಚಂಪುಳಿ ಹಾಕಿದ ಪಂದಿಕರಿ ತಿಂದೇ ಹೀಗಾಯ್ತು ಅಂತ ಅತ್ತೆ ಬೈಯುತ್ತಿದ್ದಾರೆ.

ಉತ್ತರ (ಪೆಥಾಲಜಿಸ್ಟ್): ಪಂದಿಕರಿಯ ಮಾತನ್ನು ಮೊದಲು ಬಿಟ್ಟುಬಿಡಿ, ಅದರದ್ದೇನೂ ತಪ್ಪಿಲ್ಲ. ಹುಳಿ, ಖಾರದಿಂದ ಉರಿ ಹೆಚ್ಚಬಹುದು ಅಷ್ಟೇ. ಈ ಬ್ಯಾಕ್ಟೀರಿಯಾ ಹೆಚ್ಚಾಗಿ ಚಿಕ್ಕ ವಯಸ್ಸಿನಲ್ಲೇ, ಮನೆಯವರಿಂದಲೇ ಅಂಟುತ್ತದೆ.

ಹೊಟ್ಟೆಯ ಆಸಿಡ್‌ನಲ್ಲಿ ಬೇರೆ ಬ್ಯಾಕ್ಟೀರಿಯಾ ಉಳಿಯುವುದು ಕಷ್ಟ. ಇದು ಯೂರಿಯೇಸ್ ಅನ್ನುವ ಕಿಣ್ವದಿಂದ ಅಮೋನಿಯಾ ಮಾಡಿಕೊಂಡು ತನ್ನ ಸುತ್ತಲಿನ ಹುಳಿ ಇಳಿಸಿಕೊಳ್ಳುತ್ತದೆ. ಆಮೇಲೆ ಗೋಡೆಯ ಮೇಲಿನ ಲೋಳೆಯೊಳಗೆ ಸೇರಿಕೊಳ್ಳುತ್ತದೆ. ಕೆಲವು ತಳಿಗಳು ಗೋಡೆಯ ಜೀವಕೋಶಕ್ಕೆ ಕ್ಯಾಗ್-ಎ ಅನ್ನುವ ಪ್ರೋಟೀನ್ ಚುಚ್ಚಿಬಿಡುತ್ತವೆ. ಕೆರಳಿದ ಆ ಕೋಶಗಳು ಇಂಟರ್‌ಲ್ಯೂಕಿನ್-8 ಅನ್ನುವ ರಾಸಾಯನಿಕ ಬಿಡುತ್ತವೆ. ಕಾಫಿ ಹೂ ಬಿಟ್ಟಾಗ ಜೇನು ಪರಿಮಳ ಹಿಡಿದು ತೋಟಕ್ಕೆ ಬರುವುದಿಲ್ಲವೇ, ಹಾಗೆ ನ್ಯೂಟ್ರೋಫಿಲ್ ಇದರ ಜಾಡು ಹಿಡಿದು ಬರುತ್ತದೆ.

ಅದು ರಕ್ತನಾಳದಿಂದ ಹೊರಬೀಳುವ ರೀತಿ ನನಗೆ ಇವತ್ತಿಗೂ ಸೋಜಿಗ. ರಕ್ತದ ಜೊತೆ ಓಡುತ್ತಿದ್ದ ಕಣ, ಹತ್ತಿರದ ಸಣ್ಣ ನಾಳದ ಒಳಗೋಡೆಯ ಸೆಲೆಕ್ಟಿನ್ ಅನ್ನುವ ಪ್ರೋಟೀನ್‌ಗೆ ಮೆತ್ತಗೆ ತಾಗುತ್ತದೆ. ತಾಗಿ, ಬಿಟ್ಟು, ಉರುಳುತ್ತಾ ನಿಧಾನ ಆಗುತ್ತದೆ. ಆಮೇಲೆ ತನ್ನ ಮೈಮೇಲಿನ ಇಂಟೆಗ್ರಿನ್ ಅನ್ನುವ ಪ್ರೋಟೀನ್‌ನಿಂದ ಗಟ್ಟಿಯಾಗಿ ಹಿಡಿದು ನಿಂತು, ಎರಡು ಕೋಶಗಳ ಸಂದಿಯಲ್ಲಿ ನುಸುಳುತ್ತದೆ. ಅದರ ನ್ಯೂಕ್ಲಿಯಸ್ ಮೂರರಿಂದ ಐದು ಹಾಲೆಗಳಾಗಿರುವುದರಿಂದ ಸುಲಭವಾಗಿ ಬಾಗುತ್ತದೆ. ಮೈಕ್ರೋಸ್ಕೋಪಿನಲ್ಲಿ ಅದನ್ನು ಗ್ರಂಥಿಯ ಗೋಡೆಯೊಳಗೇ ತೂರಿದ ಸ್ಥಿತಿಯಲ್ಲಿ ನೋಡುತ್ತೇವೆ. ನಿಮ್ಮ ರಿಪೋರ್ಟ್‌ನಲ್ಲಿ ಬರೆದಿರುವುದೂ ಅದನ್ನೇ. ಲಿಂಫೋಸೈಟ್‌ಗಳು ತಡವಾಗಿ ಬರುತ್ತವೆ, ಬಂದರೆ ಬೇಗ ಹೋಗುವುದಿಲ್ಲ.

ಸಾಯದಿರುವುದಕ್ಕೆ ಕಾರಣ: ಬ್ಯಾಕ್ಟೀರಿಯಾ ಹೆಚ್ಚಿನದು ಲೋಳೆಯಲ್ಲಿ, ಸೈನಿಕರು, ಅಂದರೆ ಬಿಳಿ ರಕ್ತಕಣಗಳು, ಹೆಚ್ಚಿನವರು ಗೋಡೆಯೊಳಗೆ. ಕೈಗೆ ಸಿಕ್ಕಿದ ಕೆಲವನ್ನು ಕೊಲ್ಲಬಹುದು. ಆದರೆ ಈ ಸೈನಿಕರು ಉಗುಳುವ ವಿಷ ನಮ್ಮದೇ ಗೋಡೆಯನ್ನೂ ಸುಡುತ್ತದೆ. ಗ್ಯಾಸ್ಟ್ರೈಟಿಸ್‌ನಲ್ಲಿ (ಹೊಟ್ಟೆಯ ಒಳಪದರದ ಉರಿಯೂತದಲ್ಲಿ) ಆಗುವ ಹಾನಿಯ ದೊಡ್ಡ ಪಾಲು ಇದೇ.

ಪ್ರಶ್ನೆ (ಗೋಣಿಕೊಪ್ಪದಿಂದ): ಹಾಗಾದ್ರೆ ಇಮ್ಯೂನಿಟಿ ಹೆಚ್ಚಿಸುವ ಕಷಾಯ ಕುಡಿದರೆ ಹೋಗುತ್ತಾ ಮೇಡಂ?

ಉತ್ತರ: ಇಲ್ಲ ಅಣ್ಣ. ಇಲ್ಲಿ ಸೈನ್ಯಕ್ಕೆ ಕೊರತೆಯೇ ಇಲ್ಲ! ಸುಮ್ನೆ ಆಸಿಡ್ ಮಾತ್ರೆ ನುಂಗಿದರೂ ಬ್ಯಾಕ್ಟೀರಿಯಾ ಹೋಗುವುದಿಲ್ಲ. ಆಂಟಿಬಯಾಟಿಕ್ ಬೇಕು, ಸಾಮಾನ್ಯವಾಗಿ 14 ದಿನ. ಉರಿ ನಿಂತಿತು ಅಂತ ನಡುವೆ ಬಿಡಬೇಡಿ.

ಪ್ರಶ್ನೆ (ಸೋಮವಾರಪೇಟೆಯಿಂದ): ಹೋಯ್ತು ಅಂತ ಗೊತ್ತಾಗೋದು ಹೇಗೆ? ರಕ್ತ ಪರೀಕ್ಷೆ ಸಾಕಾ?

ಉತ್ತರ: ಸಾಲದು. ಬ್ಯಾಕ್ಟೀರಿಯಾ ಹೋದ ಮೇಲೂ ರಕ್ತದಲ್ಲಿ ಅದರ ವಿರುದ್ಧ ದೇಹ ಮಾಡಿದ ಆಂಟಿಬಾಡಿ ತುಂಬಾ ದಿನ ಇರುತ್ತದೆ. ಆಂಟಿಬಯಾಟಿಕ್ ಮುಗಿದು ಕನಿಷ್ಠ 4 ವಾರ ಆದ ಮೇಲೆ ಉಸಿರಿನ ಅಥವಾ ಮಲದ ಪರೀಕ್ಷೆ ಮಾಡಿಸಿ. ಪ್ಯಾಂಟೊಪ್ರಜೋಲ್ ತರಹದ ಆಸಿಡ್ ಮಾತ್ರೆಯನ್ನು ಅದಕ್ಕೆ 2 ವಾರ ಮುಂಚೆ ನಿಲ್ಲಿಸಬೇಕು, ನಿಮ್ಮ ಡಾಕ್ಟರನ್ನು ಕೇಳಿಯೇ ನಿಲ್ಲಿಸಿ.